ಬರ್ತೀನಿ ಅಂದ ಮೆಷಿನ್

ಚನ್ನೇಶ ಮಾಡಿದ್ದು ಇಷ್ಟೇ: ಹಳೇ ಕಂಪೈಲರ್ ಕಿತ್ತು ಹೊಸ ವರ್ಶನ್ ಹಾಕಿದ.

ಕ್ಯಾತ್ಸಂದ್ರದ ಆ ಪುಟ್ಟ ಕಂಪನಿ ಹಾಲಿನ ಡೇರಿಗಳ ತೂಕದ ಮೆಷಿನ್‌ಗೆ ಆಪರೇಟಿಂಗ್ ಸಿಸ್ಟಂ ಮಾಡುತ್ತಿತ್ತು. ಬರೆದ ಪ್ರೋಗ್ರಾಮನ್ನು ಮೆಷಿನ್ನಿನ ಭಾಷೆಗೆ ತಿರುಗಿಸಿಕೊಡುವುದೇ ಕಂಪೈಲರಿನ ಕೆಲಸ. ಹಳೆಯದನ್ನು ಆರಿಸಿದ್ದವರು ಹಿಂದಿನ ಇಂಜಿನಿಯರ್ ಅನಂತರಾಜು. ಹೋದ ತಿಂಗಳು ಇದೇ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡಿದ್ದರು. ಈಗ ಕುರ್ಚಿ ಚನ್ನೇಶನದು. ಹೊಸ ರಿಲೀಸ್ ಇವತ್ತೇ ಡೇರಿಯವರ ಕೈಸೇರಿದರೆ ಕೆಲಸ ಕಾಯಂ, ಇಲ್ಲವಾದರೆ ಮನೆಯ ದಾರಿ.

ಪರೀಕ್ಷೆಗೆಂದು ಮೆಷಿನ್ ಆಫ್ ಮಾಡಿದ. "ಬರ್ತೀನಿ" ಎಂದು ಮೂಡಿ ಪರದೆ ಕಪ್ಪಾಯಿತು. ಅವನು ಕಾಫಿ ಲೋಟ ಎತ್ತುವಷ್ಟರಲ್ಲಿ, ಯಾರೂ ಮುಟ್ಟದ ಮೆಷಿನ್ ತಾನೇ ಹೊತ್ತಿಕೊಂಡು "ಬಂದೆ" ಎಂದಿತು. ಕಾಫಿಯೆಲ್ಲ ಪ್ಯಾಂಟಿನ ಪಾಲಾಯಿತು.

"ಅನಂತರಾಜು ಸಾರೇ ಕಣೋ," ಪಕ್ಕದ ಸೀಟಿನ ಕೋಮಲಾ ಪಿಸುಗುಟ್ಟಿದಳು. "ಅವ್ರು ಹಾಕಿದ್ದನ್ನ ಕಿತ್ತಾಕಿದೀಯ, ಸುಮ್ನೆ ಬುಡ್ತಾರಾ?"

ಚನ್ನೇಶ ಹೆದರಿ ಹಳೇ ವರ್ಶನ್ನೇ ಹಾಕಿ ನೋಡಿದ. "ಬರ್ತೀನಿ." ಕತ್ತಲು. "ಬಂದೆ." ಅವನು ದಡಕ್ಕನೆ ಎದ್ದು ನಿಂತ; ಬೆನ್ನ ಹಿಂದೆ ಖಾಲಿಯಾದ ಅದೇ ಕುರ್ಚಿ ಕಿರ್ರೆಂದು ಅರ್ಧ ತಿರುಗಿತು.

"ಬಾಗ್ಲ ಮೇಲೆ ನಾಳೆ ಬಾ ಅಂತ ಬರಿಯೋ," ಎಂದ ಸಂಗಮೇಶ, ಎದುರು ಸೀಟಿನವನು. "ನಮ್ಮಜ್ಜಿ ದೆವ್ವಕ್ಕೆ ಹಂಗೇ ಬರೀತಿದ್ಲು. ಓದ್ಕಂಡು ವಾಪಸ್ ಹೋಗುತ್ತೆ."

ಇಂಜಿನಿಯರಿಂಗ್ ಓದಿದ ಕೈಯೇ ಬಾಗಿಲ ಹೊರಬದಿಗೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದು ಬಾಗಿಲು ಮುಚ್ಚಿತು.

ಆಮೇಲೆ ಥಟ್ಟನೆ ಹೊಳೆಯಿತು. ನಿನ್ನೆಯವರೆಗೂ ಮೆಷಿನ್ "ಹೋಗ್ತೀನಿ" ಎನ್ನುತ್ತಿತ್ತು. ರಾತ್ರಿ ಮನೆಯಲ್ಲಿ ಅದನ್ನು ಹೇಳಿದಾಗ ಅಮ್ಮ, "ಹೊರಡೋವಾಗ ಹೋಗ್ತೀನಿ ಅಂತಾರೇನ್ಲಾ? ಬರ್ತೀನಿ ಅನ್ಸು!" ಎಂದು ಬೈದಿದ್ದಳು. ಇವನು ಪ್ರೋಗ್ರಾಮಿನಲ್ಲಿದ್ದ 'ಹೋಗು'ಗಳನ್ನೆಲ್ಲ ಒಂದೇ ಏಟಿಗೆ 'ಬಾ' ಮಾಡಿಬಿಟ್ಟಿದ್ದ. ಆಫ್ ಮಾಡುವ ಆಜ್ಞೆಯ ಹೆಸರೂ 'ಹೋಗು' ಎಂದೇ ಇತ್ತು, ಆನ್ ಮಾಡುವುದರ ಹೆಸರು 'ಬಾ'! ಎಷ್ಟು ಸಲ ಆಫ್ ಮಾಡಿದರೂ ಬಡಪಾಯಿ ಮೆಷಿನ್ ಹೇಳಿದಂತೆ ಕೇಳಿ ವಾಪಸ್ಸು ಬರುತ್ತಿತ್ತು.

ನಕ್ಕು ನಕ್ಕು ಸುಸ್ತಾಗಿ ಚನ್ನೇಶ ಅದನ್ನು ಸರಿಮಾಡಿದ, ಧೈರ್ಯವಾಗಿ ಹೊಸ ಕಂಪೈಲರನ್ನೇ ಹಾಕಿದ. ಮೆಷಿನ್ ಆಫಾಗಿ ತೆಪ್ಪಗಾಯಿತು. ಇನ್ನು ಹುಲಿಯೂರುದುರ್ಗದ ಕಡೆಯ ಡೇರಿ ಸೆಕ್ರೆಟರಿ ಶಿವರಾಮಯ್ಯ ಬಂದು ಒಯ್ಯುವುದೊಂದೇ ಬಾಕಿ. ಸಂಜೆಯಾದರೂ ಬರಲಿಲ್ಲ. ಫೋನ್ ಮಾಡಿದ.

"ಬಂದಿದ್ನಲ್ಲಪ್ಪಾ! ಬಾಗ್ಲಲ್ಲಿ ನಾಳೆ ಬಾ ಅಂತ ಬರ್ದಿದ್ರಿ, ಏಕವಚನ ಬೇರೆ! ಬಸ್ ಹತ್ಕಂಡೆ, ಈಗ ಕುಣಿಗಲ್ ದಾಟ್ತಾ ಇದೀನಿ."

ಕಾಯಂ ಕೆಲಸವೂ ಅದೇ ಬಸ್ಸು ಹತ್ತಿ ಹೋದಂತಾಯಿತು. ಚನ್ನೇಶ ತಪ್ಪಾಯ್ತು ಸಾರ್ ಎಂದ.

"ಬೇಜಾರೇನಿಲ್ಲ ಬುಡಿ," ಶಿವರಾಮಯ್ಯ ಸಮಾಧಾನ ಹೇಳಿದರು. "ನಿಮ್ ಅನಂತರಾಜು ಸಾರೂ ಓದ್ಕಂಡು ಮೆಟ್ಲಿಳೀತಿದ್ರು. ಕಂಪೈಲರ್ ಇಷ್ಯ ಮಾತಾಡ್ಬೇಕಿತ್ತಂತೆ. 'ನಾಳೆ ಬಾ ಅಂದವ್ನೆ, ನಾಳೆ ಬರ್ತೀನಿ' ಅಂದ್ರು."