ಮಗಳ ನಾಮಕರಣಕ್ಕೆ ಸ್ಕೂಟರಿನಲ್ಲಿ ಹೋದದ್ದು

ನನ್ನ ಚೊಚ್ಚಲ ಮಗಳ ನಾಮಕರಣ ವಿಜಯದಶಮಿಯ ದಿನ, ವಿಲೆ ಪಾರ್ಲೆಯ ಮಾವನ ಮನೆಯಲ್ಲಿ. ಒಂಬತ್ತೂವರೆಯೊಳಗೆ ಮಗುವಿನ ಕಿವಿಯಲ್ಲಿ ತಂದೆ ಹೆಸರು ಹೇಳಬೇಕು. ಹೇಳಬೇಕಾದ ನಾನೂ ಹೇಳಿಸಬೇಕಾದ ಪುರೋಹಿತರೂ ಇರುವುದು ಊರಿನ ಆಚೆ ತುದಿಯ ಘಾಟ್ಕೋಪರಿನಲ್ಲಿ!

"ಭಟ್ಟರನ್ನ ಬಸ್ಸಲ್ಲೇ ಕರ್ಕೊಂಡು ಬನ್ನಿ. ಆ ಸ್ಕೂಟರ್ ನಂಬ್ಕೊಂಡು ಕೂತ್ಕೋಬೇಡಿ," ಎಂದು ಹೆಂಡತಿ ಹಿಂದಿನ ದಿನವೇ ಎಚ್ಚರಿಸಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. ಹೊಚ್ಚ ಹೊಸ ಸ್ಕೂಟರಿನ ಬಗ್ಗೆ ಇಂಥ ಮಾತೇ! ಅಂದು ಆಯುಧಪೂಜೆ ಬೇರೆ. ಮಾವನ ಮನೆಯಿಂದ ಹಿಂತಿರುಗಿದವನೇ ಅದನ್ನು ತೊಳೆದು, ಸೀಟೆತ್ತಿ, ಕಣ್ಣಿಗೆ ಬಿದ್ದ ಪ್ರತಿಯೊಂದು ಭಾಗಕ್ಕೂ ಗಂಧ ಮೆತ್ತಿ ಕುಂಕುಮ ಇಟ್ಟೆ. ಇಷ್ಟು ಭಕ್ತಿ ಕಂಡ ವಾಹನ ಕೈಕೊಡುವುದುಂಟೇ?

ಕೊಟ್ಟಿತು! ಮರುದಿನ ಬೆಳಿಗ್ಗೆ ಭಟ್ಟರು ಪಂಚೆ ಎತ್ತಿ ಕಟ್ಟಿ ಹಿಂದೆ ಕೂತು ಒಂದು ಮೈಲಿ ಆಗಿತ್ತಷ್ಟೆ. ಸ್ಕೂಟರ್ ಕೆಮ್ಮಿ ನಿಂತಿತು. ಸೀಟೆತ್ತಿ, ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಪೆಟ್ರೋಲ್ ಭರ್ತಿ. ಮುಚ್ಚಿದೆ. ಹಾಗಾದರೆ ಕಾರ್ಬ್ಯುರೇಟರಿನದೇ ಕಿತಾಪತಿ! ಪರೇಲಿನ ಮೆಕ್ಯಾನಿಕ್ಕೊಬ್ಬ ಅದರೊಳಗಿನ ಜೆಟ್ ಎಂಬ ಪೆಟ್ರೋಲ್ ಹಾಯುವ ಪುಟ್ಟ ತಿರುಪು ಬಿಚ್ಚಿ ಊದುವುದನ್ನು ಕಣ್ಣಾರೆ ಕಂಡವನು ನಾನು. ಬಿಚ್ಚಿದೆ. ಆ ಸೂಜಿಮೊನೆಯಷ್ಟರ ತೂತಿಗೆ ಬಾಯಿಟ್ಟು ಊದಿದೆ. ಬಾಯೆಲ್ಲ ಪೆಟ್ರೋಲ್. ಆದರೆ ಒಂದೇ ಕಿಕ್ಕಿಗೆ ಶುರು!

"ನೋಡಿದಿರಾ ಭಟ್ಟರೇ? ಕಸ! ಪೆಟ್ರೋಲ್ ಅಂತ ಕಸ ಮಾರ್ತಾರೆ! ಈ ದೇಶ ಉದ್ಧಾರ ಆಗೋದು ಹೇಗೆ?"

ಇನ್ನೊಂದು ಮೈಲಿ. ನಿಂತಿತು. ಮುಚ್ಚಳ ತೆಗೆದೆ, ನೋಡಿದೆ, ಮುಚ್ಚಿದೆ, ಊದಿದೆ. ಹೊರಟಿತು. ಮೂರನೆಯ ಸಲ ಸ್ಕೂಟರ್ ಮಾಡಿದವರ ವಂಶವನ್ನೇ ಬೈದೆ. ನಾಲ್ಕನೆಯ ಸಲ ಅವರಿಗೆ ಬರೆಯಬೇಕಾದ ಇಂಗ್ಲಿಷ್ ದೂರುಪತ್ರವನ್ನು ಭಟ್ಟರಿಗೆ ಗಟ್ಟಿಯಾಗಿ ಒಪ್ಪಿಸಿದೆ. ಅವರು ಗಡಿಯಾರ ನೋಡಿಕೊಂಡರು. ಒಂಬತ್ತು ದಾಟಿತ್ತು.

"ಅಲ್ಲ ಮಾರಾಯ್ರೇ," ಎಂದರು ಉಡುಪಿ ಕಡೆಯ ಭಟ್ಟರು, "ನೀವು ಮುಚ್ಚಳ ತೆಗೆದಾಗೆಲ್ಲ ಒಳಗೆ ಗಾಳಿ ಹೋಗುವ ಶಬ್ದ ಕೇಳ್ತದೆ, ಆಮೇಲೆ ಗಾಡಿ ಹೊರಡ್ತದೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಬರ್ತದಾ? ಗಾಳಿಗೆ ಇನ್ನೊಂದು ಬೇಡವಾ? ಇದಕ್ಕೆ ಎಲ್ಲುಂಟು?"

"ಭಟ್ಟರೇ, ಇದು ಇಂಜಿನಿಯರಿಂಗ್! ಮಂತ್ರ ಅಲ್ಲ!"

ಅವರು ಮುಚ್ಚಳವನ್ನು ಕೈಗೆತ್ತಿಕೊಂಡರು. ನಡುಮಧ್ಯೆ ನನ್ನ ಗಂಧ ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರು. ಅಡಿಯಲ್ಲೊಂದು ಪುಟ್ಟ ತೂತು! ಜನಿವಾರಕ್ಕೆ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿ, ಉಫ್ ಎಂದು ಊದಿದರು.

"ಇಲ್ಲಿಗೆ ಗಂಧ ಹಚ್ಚಿದ್ದು ಯಾರು?"

ನಾನು ಆಕಾಶ ನೋಡಿದೆ.

ಆಮೇಲೆ ಆ ದರಿದ್ರ ಸ್ಕೂಟರ್ ವಿಲೆ ಪಾರ್ಲೆಯವರೆಗೆ ಎಲ್ಲೂ ನಿಲ್ಲಲಿಲ್ಲ. ಮುಹೂರ್ತ ಮುಗಿಯಲು ಎರಡೇ ನಿಮಿಷ ಉಳಿದಿತ್ತು. ಕೈಗೆ ನೀರು ಹಾಕಿಕೊಂಡು ಓಡಿಬಂದು ಕೂತೆ. ಮಗಳ ಕಿವಿಯ ಹತ್ತಿರ ಬಾಗಿ, "ಶಾ..." ಎಂದೆ.

ಮಗು ಸೀನಿತು. ಆಮೇಲೆ ಬಿಲ್ಡಿಂಗ್ ಹಾರಿಹೋಗುವಂತೆ ಕಿರುಚಿತು.

"ಅಯ್ಯೋ, ಏನ್ರೀ ಈ ವಾಸನೆ!" ಹೆಂಡತಿ ಮಗುವನ್ನು ಎಳೆದುಕೊಂಡಳು. "ದೀಪದ ಹತ್ತಿರ ಬಾಯಿ ತೆಗೀಬೇಡಿ! ಏಳಿ ಮೇಲೆ!"

ಮುಹೂರ್ತದೊಳಗೆ ನನ್ನ ಮಗಳ ಕಿವಿಯಲ್ಲಿ 'ಶಾರದಾ' ಎಂದು ಹೇಳಿದವನು ಅವಳ ಸೋದರಮಾವ. ಬಸ್ಸಿನಲ್ಲಿ ಬಂದಿದ್ದ. ನಾನು ಆಗ ಬಚ್ಚಲ ಮೋರಿಯ ಹತ್ತಿರ ನಿಂತು ಬಾಯಿ ಮುಕ್ಕಳಿಸುತ್ತಿದ್ದೆ.