ಡೇರಿಯ ಉದ್ದ ಫೋಟೋ

ಹೊಸಕೋಟೆಯ ಉಮಾಶಂಕರ್ ತನ್ನ ಸ್ಟುಡಿಯೋಗೆ ಕಂಪ್ಯೂಟರ್ ತಂದು ಮೂರೇ ವಾರವಾಗಿತ್ತು. ಅಷ್ಟರಲ್ಲೇ, ಎಷ್ಟು ಉದ್ದದ ಫೋಟೋ ಬೇಕಾದರೂ ಮಾಡಿಕೊಡುತ್ತೇನೆಂದು ಸುತ್ತಲಿನ ಹಳ್ಳಿಗಳಿಗೆಲ್ಲ ಸಾರಿಬಿಟ್ಟಿದ್ದ. ಎಡವಟ್ಟಾದದ್ದು ಅಲ್ಲೇ.

ಹತ್ತಿರದ ಹಳ್ಳಿಯ ಹಾಲಿನ ಡೇರಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ಅರವತ್ತು ಜನ ಸದಸ್ಯರೂ ಒಂದೇ ಫೋಟೋದಲ್ಲಿರಬೇಕು, ಒಬ್ಬೊಬ್ಬರ ಮೀಸೆಯೂ ಕಾಣಬೇಕು ಎಂದು ಅಧ್ಯಕ್ಷ ಆದಿನಾರಾಯಣಪ್ಪ ಅಪ್ಪಣೆ ಕೊಟ್ಟರು. ಭಾನುವಾರ ಉಮಾಶಂಕರ್ ಎಲ್ಲರನ್ನೂ ಡೇರಿಯ ಮುಂದೆ ಸಾಲಾಗಿ ನಿಲ್ಲಿಸಿ, ಎಡದಿಂದ ಬಲಕ್ಕೆ ಕ್ಯಾಮೆರಾ ತಿರುಗಿಸುತ್ತ ಮೂರು ಚಿತ್ರ ತೆಗೆದ. ಸೋಮವಾರ ಬೆಳಿಗ್ಗೆ ಅವನ್ನು ಕಂಪ್ಯೂಟರಿಗೆ ಏರಿಸಿ ಜೋಡಿಸಲು ಕೂತ. ಸಂಜೆ ನಾಲ್ಕಕ್ಕೆ ಸಮಾರಂಭ.

ಒಂದು ಚಿತ್ರವನ್ನು ಆಚೆಯದು ಕಾಣುವಷ್ಟು ತೆಳುವಾಗಿಸಿ ಇನ್ನೊಂದರ ಅಂಚಿಗೆ ಹೊದಿಸಬೇಕು. ಎರಡರಲ್ಲೂ ಇದ್ದ ಕಂಬ ಒಂದರ ಮೇಲೊಂದು ಕೂರುವವರೆಗೆ ಜರುಗಿಸುತ್ತಿರಬೇಕು. ಕಂಬ ಕೂತರೆ ಸೂರು ಸೊಟ್ಟಗಾಗುತ್ತಿತ್ತು. ಸೂರು ಕೂತರೆ ಸಾಲಿನಲ್ಲಿದ್ದ ಪಾಪಯ್ಯನಿಗೆ ಮೂರು ಕೈ ಬರುತ್ತಿದ್ದವು.

ಪಕ್ಕದಂಗಡಿಯ ಟೈಲರ್ ಬೈಲಪ್ಪ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಬಂದು ಕೂತ. "ತೋಳು ಜಾಸ್ತಿಯಾದ್ರೆ ನಾವು ಒಳಕ್ಕೆ ಮಡಿಸ್ತೀವಿ ಕಣೋ. ನೀನೂ ಮಡಿಸು" ಎಂದ. ಮಡಿಸಿದಾಗ ತೋಳಿನ ಜೊತೆ ಪಕ್ಕದ ಮುನಿತಾಯಮ್ಮನೂ ಹೋದಳು. ಅವಳನ್ನು ವಾಪಸು ಕರೆತರುವಷ್ಟರಲ್ಲಿ ಹನ್ನೆರಡಾಯಿತು.

ಎಲ್ಲ ನೆಟ್ಟಗೆ ಕೂತಿತೆಂದು ಉಮಾಶಂಕರ್ ಉಸಿರು ಬಿಟ್ಟ. ಬೈಲಪ್ಪ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, "ಅಧ್ಯಕ್ಷರು ಅವಳಿಜವಳಿನಾ?" ಎಂದು ಕೇಳಿದ.

ಆದಿನಾರಾಯಣಪ್ಪ ಸಾಲಿನ ಎಡತುದಿಯಲ್ಲೂ ಇದ್ದರು, ಬಲತುದಿಯಲ್ಲೂ ಇದ್ದರು. ಎರಡೂ ಕಡೆ ಅದೇ ಜರಿ ಶಲ್ಯ, ಅದೇ ಬಿಗುಮಾನ. ಇದನ್ನು ಕಂಡರೆ ಊರು ನಗುತ್ತದೆ, ಅಧ್ಯಕ್ಷರು ತನ್ನ ಚರ್ಮ ಸುಲಿಯುತ್ತಾರೆ ಎಂದು ಹೆದರಿ ಉಮಾಶಂಕರ್ ಊಟ ಬಿಟ್ಟು, ಬಲಗಡೆಯ ಅಧ್ಯಕ್ಷರನ್ನು ಅಳಿಸಿ, ಅವರಿದ್ದ ಜಾಗಕ್ಕೆ ಒಂದೊಂದೇ ಇಟ್ಟಿಗೆ ತಂದು ಗೋಡೆ ಕಟ್ಟಿದ. ಪ್ರಿಂಟಿಗೆ ಫ್ರೇಮು ಹಾಕಿಸಿಕೊಂಡು ಓಡುವಾಗ ನಾಲ್ಕಾಗಲು ಐದೇ ನಿಮಿಷವಿತ್ತು.

ಸಮಾರಂಭದಲ್ಲಿ ಆದಿನಾರಾಯಣಪ್ಪ ಫೋಟೋದ ಪರದೆ ಸರಿಸಿ, ಎಡತುದಿ ನೋಡಿ ತಲೆದೂಗಿದರು. ಬಲತುದಿಗೆ ಬಂದು ಗೋಡೆಯ ಮೇಲೆ ಬೆರಳಿಟ್ಟರು.

"ಇಲ್ಲಿದ್ದ ನಾನೆಲ್ಲಿ?"

ಎರಡು ಕಡೆ ಬಂದಿದ್ದನ್ನು ತಾನು ಸರಿಮಾಡಿದ್ದಾಗಿ ಉಮಾಶಂಕರ್ ತುಸು ಹೆಮ್ಮೆಯಿಂದಲೇ ಹೇಳಿದ.

"ಸರಿ ಮಾಡ್ದ್ಯಾ? ನೀನು ಕ್ಯಾಮೆರಾ ತಿರುಗಿಸೋದ್ರೊಳ್ಗೆ ಡೇರಿ ಹಿಂದ್ಗಡೆಯಿಂದ ಓಡ್ಬಂದು ನಿಂತಿದ್ದೆ ಕಣಯ್ಯ. ಮಂಡಿ ಇನ್ನೂ ನೋಯ್ತಾ ಐತೆ. ಅಧ್ಯಕ್ಷ ಅಂದ್ಮೇಲೆ ಎರಡೂ ಕಡೆ ಇರಬ್ಯಾಡ್ವಾ?"

ಬಿಸಿಲಿರುವಾಗಲೇ ಮತ್ತೆ ತೆಗೆಯಬೇಕೆಂದು ಅಪ್ಪಣೆಯಾಯಿತು. ಅಧ್ಯಕ್ಷರ ಮಾತು ಇಡೀ ಸಭೆಗೆ ಕೇಳಿಸಿತ್ತು. ಗಂಡಸರು ಪಂಚೆ ಎತ್ತಿ ಕಟ್ಟಿದರು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಉಪಾಧ್ಯಕ್ಷ ಚಿಕ್ಕವೆಂಕಟಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಎಲ್ಲರೂ ಎಡತುದಿಗೇ ಒತ್ತರಿಸಿಕೊಂಡು ನಿಂತರು.

ಉಮಾಶಂಕರ್ ಮೊದಲ ಚಿತ್ರ ತೆಗೆದು ಕ್ಯಾಮೆರಾವನ್ನು ನಡುವಿಗೆ ತಿರುಗಿಸಿದ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಡೇರಿಯ ಹಿಂದಿನಿಂದ ಅರವತ್ತು ಜನ ಓಡುವ ಸದ್ದು ಮಾತ್ರ ಕೇಳುತ್ತಿತ್ತು.