ಅಕ್ಕುತಾಯಿಗೊಂದು ಒಡಪು

ಹೆಂಡತಿ ಹೆಸರ ಹೇಳೂದು ಏನ ಮಹಾ ಕೆಲಸ ಅಂತ ನೀವು ಅಂದ್ರ, ನಿಮಗ ನನ್ನ ನಾದಿನಿ ಸಕ್ಕುಬಾಯಿ ಗೊತ್ತಿಲ್ಲ ಅಂತ ಅರ್ಥ. ಇಪ್ಪತ್ತೆಂಟ ವರ್ಷದ ಹಿಂದ ಹೊಸಾ ಮದುಮಗಳನ್ನ ಕರಕೊಂಡು ಮನಿಗೆ ಬಂದಾಗ ಹೆಂಗಸರು ಹೊಸ್ತಿಲಕ್ಕ ಅಡ್ಡ ನಿಂತು, "ಪ್ರಾಸದಾಗ ಒಡಪು ಕಟ್ಟಿ ಹೆಂಡ್ತಿ ಹೆಸರ ಹೇಳು, ಒಳಗ ಬಿಡ್ತೀವಿ" ಅಂದ್ರು. ನನ್ನ ನಾಲಿಗಿ ಅಂಗುಳಕ್ಕ ಹತ್ತಿತು. ಕಾಲು ತಾಸು ಮೂಕಬಸವಣ್ಣನಂಗ ನಿಂತೆ. ಕಡೀಕ ಅವರ ಬ್ಯಾಸತ್ತು ಒಳಗ ಬಿಟ್ರು. ಅಕ್ಕನ ಜೋಡಿ ಬಂದಿದ್ದ ಹತ್ತು ವರ್ಷದ ಸಕ್ಕುಬಾಯಿ ಅದನ್ನೆಲ್ಲಾ ನೋಡಿ, ಅವತ್ತಿನಿಂದ ಇವತ್ತಿನ ತನಕಾ ಹಬ್ಬಹಬ್ಬಕ್ಕೂ "ಮಾಮಾರ, ಬಾಯಿ ಬಂತೇನ್ರಿ?" ಅಂತ ಕೇಳತಾಳ. (ಮೊದಲ ಕಾಗದಾ ಬರದು ಕೇಳತಿದ್ಲು. ಈಗ ವಿಡಿಯೋ ಕಾಲ್ ಮಾಡಿ ಕೇಳತಾಳ.)

ಹೋದ ಮಾಘದಾಗ, ಅಥಣಿ ಹತ್ತಿರ ನಮ್ಮ ದ್ರಾಕ್ಷಿ ತ್ವಾಟದಾಗ ಕಟ್ಟಿಸಿದ ಹೊಸಾ ಮನಿ ವಾಸ್ತುಶಾಂತಿಗೆ ದಿನ ಗೊತ್ತಾತು. ಎಂಟ ದಿನ ಮೊದಲ ನನ್ನ ಹೆಂಡತಿ ಅಕ್ಕುತಾಯಿ ಚಹಾ ತಂದ ಮುಂದ ಇಟ್ಟು ಎದರಿಗೆ ಕುಂತ್ಲು. ಆಕಿ ಚಹಾ ಕೊಟ್ಟು ಕುಂತಳಂದ್ರ ಏನೋ ಐತಿ ಅಂತ ನನಗ ಗೊತ್ತ.

"ಕಬ್ಬೂರಿಂದ ನಮ್ಮ ತವರಿನವ್ರು ಅಷ್ಟೂ ಮಂದಿ ಬರತಾರ್ರಿ. ಹೊಸ್ತಿಲದಾಗ ಸಕ್ಕು ಅಡ್ಡ ನಿಂದ್ರಾಕಿನ. ಇದೊಂದ ಸಲ ನನ್ನ ಹೆಸರ ಚಂದಂಗೆ ಹೇಳ್ರಿ."

"ನೀ ಅದನ್ನ ಇನ್ನೂ ಮನಸಿನ್ಯಾಗ ಇಟಗೊಂಡೀಯೇನ?"

"ಎಲ್ಲಾರ ಗಂಡಂದಿರೂ ಹೇಳ್ಯಾರ. ನಾ ಒಬ್ಬಾಕಿನ ಹೆಸರಿಲ್ಲದಾಕಿ ಹಂಗ ಒಳಗ ಬಂದೆ," ಅಂದ್ಲು. ನಗತಾನ ಅಂದ್ಲು, ಆದ್ರ ನನ್ನ ಎದಿಯಾಗ ಚುರ್ರ ಅಂತು.

ನಾ ಕಾವ್ಯಯುದ್ಧಕ್ಕ ಸನ್ನದ್ಧನಾದೆ. ನೂರ ಹಾಳಿ ವಹಿ, ಎರಡ ಪೆನ್ನು, ಕಣ್ಣಿಗೆ ಚಾಳೀಸ. ಪಂಪಸೆಟ್ಟಿನ ಖೋಲಿ ಬಾಗಲಾ ಹಾಕ್ಕೊಂಡು ಕುಂತೆ. ಅಕ್ಕುತಾಯಿಗೆ ಪ್ರಾಸ ಹುಡುಕಿದ್ರ ಸಿಕ್ಕದ್ದು ಮೂರ: ಕಾಯಿ, ಬಾಯಿ, ನಾಯಿ. (ನಮ್ಮ ಮಾವ ಮಗಳಿಗೆ ಹೆಸರ ಇಡುಮುಂದ ಮುಂದಿನ ಅಳಿಯನ ಕಷ್ಟ ವಿಚಾರ ಮಾಡಿದ್ದಿಲ್ಲ.) ತಲಿ ಕೆರದು, ಉಗರ ಕಡದು, ಮೂರ ದಿನಕ್ಕ ಒಂದು ಕೃತಿರತ್ನ ಹೆತ್ತೆ. ಅಡಗಿಮನಿಗೆ ಓಡಿ ಓದಿ ಹೇಳಿದೆ:

"ಗಿಡದಾಗ ತೆಂಗಿನಕಾಯಿ, ಹಿತ್ತಲದಾಗ ನಾಯಿ, ಮನಿಯಾಗ ಅಕ್ಕುತಾಯಿ."

ಆಕಿ ರೊಟ್ಟಿ ಬಡಿಯೂ ಕೈ ನಿಂದ್ರಿಸಿದ್ಲು. "ನಾಯಿ ಹಿತ್ತಲದಾಗ, ನಾ ಮನ್ಯಾಗ. ಇಷ್ಟ ಫರಕ ಏನ್ರಿ ನಮ್ಮಿಬ್ಬರಿಗೆ?"

"ಪ್ರಾಸ ನೋಡ, ಪ್ರಾಸ."

"ಒಡಪು ಅಂದ್ರ ಕಬ್ಬೇನ್ರಿ, ಗಾಣಕ್ಕ ಹಾಕಿ ಹಿಂಡಾಕ?" ಅಂದವಳು ಮತ್ತ ರೊಟ್ಟಿ ಬಡಕೋತನ ಹೇಳಿದ್ಲು:

"ಹಂಚಿನ ಮ್ಯಾಲ ರೊಟ್ಟಿ, ರೊಟ್ಟಿ ಮ್ಯಾಲ ಬೆಣ್ಣಿ, ಅಣ್ಣಾಸಾಬರ ವಹಿಯಾಗ ಬರೇ ಸೊನ್ನಿ."

ನನ್ನ ಹೆಸರ ಕೂಡಿಸಿ ಹೇಳಾಕ ವಿಚಾರ ಮಾಡಲಿಲ್ಲ, ಮ್ಯಾಲ ನೋಡಲಿಲ್ಲ. ರೊಟ್ಟಿನೂ ದುಂಡಗ ಬಂತು. ನನಗ ಸಿಟ್ಟ ಬಂತು.

"ನಿನಗ ಹೆಂಗ ಬರತೈತಿ ಇದು?"

"ನಾ ಏನ ಎಳಕೊಂಡ ಬರತೀನೇನ್ರಿ? ಅದ ಬರತೈತಿ. ಬರತೈತಿ ಅಂತ ನಂಬಿ ನನ್ನ ಕೆಲಸಾ ಮಾಡಕೋತ ಇರತೀನಿ. ನೀವು ಬಡಿಗಿ ತಗೊಂಡು ಬೆನ್ನ ಹತ್ತತೀರಿ, ಅದು ಅಂಜಿ ಓಡಿ ಹೋಗತೈತಿ. ಸುಮ್ನ ತ್ವಾಟಕ್ಕ ಹೋಗಿ ಮಕ್ಕೋರಿ."

ಇಪ್ಪತ್ತೆಂಟ ವರ್ಷದಾಗ ಹಗಲಹೊತ್ತು ಆಕಿ ನನಗ 'ಮಕ್ಕೋರಿ' ಅಂದಿದ್ದು ಇದ ಮೊದಲು. ಆಜ್ಞೆಯನ್ನು ಶಿರಸಾವಹಿಸಿದೆ.

ದ್ರಾಕ್ಷಿ ಹಂದರದ ಕೆಳಗ ಹೊರಸ ಹಾಕಿ ಅಂಗಾತ ಬಿದ್ದೆ. ಎಲಿ ಸಂದಿಂದ ಬಿಸಲು ಚುಕ್ಕಿಚುಕ್ಕಿಯಾಗಿ ಮೈಮ್ಯಾಲ ಬಿದ್ದು, ಗಾಳಿ ಬಂದಾಗೊಮ್ಮೆ ಅಲ್ಲಿಂದಿಲ್ಲಿಗೆ ಹರದಾಡತಿತ್ತು. ಗೊಂಚಲ ಇನ್ನೂ ಹಸರ. ದೂರ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾಡ ಹಚಗೊಂಡು ಹೊಂಟಿತ್ತು, ಅರ್ಧಾ ಮರಾಠಿ, ಅರ್ಧಾ ಕನ್ನಡ. ಆ ಹಾಡ ಸಣ್ಣದಾತು, ಮತ್ತೂ ಸಣ್ಣದಾತು, ಎಲ್ಲಿ ಮುಗೀತೋ ತಿಳೀಲಿಲ್ಲ. ಹಂಗ ಜೋಂಪಿನ್ಯಾಗ ಕಬ್ಬೂರಿಗೆ ಕನ್ಯಾ ನೋಡಾಕ ಹೋದ ದಿನ ಕಣ್ಣಮುಂದ ಬಂತು. ಹಸರ ಸೀರಿ ಉಟ್ಟ ಹುಡಿಗಿ ಅವಲಕ್ಕಿ ತಾಟ ಇಟ್ಟು, ನನ್ನ ಕಡೆ ಕಳ್ಳ ನೋಟ ನೋಡಿ ಸಿಕ್ಕೊಂಡಿದ್ಲು. ಎಷ್ಟ ಚಂದ ಇದ್ಲು ಅಂತೀರಿ. ವಹಿ, ಪೆನ್ನು, ಪ್ರಾಸ ಎಲ್ಲಾ ಮರತ ಹೋತು. ಮುಂದ ನಾಕ ದಿನ ಮಧ್ಯಾಹ್ನ ಅಲ್ಲೇ ಬಿದ್ದಿರತಿದ್ದೆ. ಒಂದ ಅಕ್ಷರ ಬರೀಲಿಲ್ಲ. ಬರೂ ಹೊತ್ತಿಗೆ ಬರತೈತಿ ಅಂತ ಬಿಟ್ಟಬಿಟ್ಟೆ. (ದ್ರಾಕ್ಷಿಗೆ ಔಷಧ ಹೊಡಿಯೂದೂ ಬಿಟ್ಟಬಿಟ್ಟೆ, ಅದು ಬ್ಯಾರೇ ಮಾತ.)

ವಾಸ್ತುಶಾಂತಿ ದಿನ ಮುಂಜಾನೆ ಆಕಿ ಕಳಸ ಹಿಡದು, ನಾ ಬಾಜೂಕ ನಿಂತು, ಹೊಸ್ತಿಲಕ್ಕ ಬಂದ್ವಿ. ಸಕ್ಕುಬಾಯಿ ಎರಡೂ ಕೈ ಚಾಚಿ ಬಾಗಲಾ ಹಿಡದ ನಿಂತಿದ್ಲು. ಹಿಂದ ಕಬ್ಬೂರಿನ ಇಪ್ಪತ್ತ ಹೆಂಗಸರು, ಅವರ ಕೈಯಾಗ ಇಪ್ಪತ್ತ ಮೊಬೈಲು. ಒಂದ ಮಗ್ಗಲಕ್ಕ ನನ್ನ ಹೆಂಡತಿಯ ಅಣ್ಣ ಕಾಡಸಿದ್ದ, ಮೀಸಿ ಸಮೇತ. ಮೊದಲ ಅಕ್ಕುತಾಯಿ ಹೇಳಿದ್ಲು:

"ಇಟ್ಟಂಗಿ ಮ್ಯಾಲ ಇಟ್ಟಂಗಿ, ಗ್ವಾಡಿಗೆಲ್ಲ ಬಣ್ಣ, ಅಣ್ಣಾಸಾಬರ ಮಾತು ನನಗ ಬಂಗಾರಕಿಂತ ಚೆನ್ನ."

ಎಲ್ಲಾರೂ ನನ್ನ ಕಡೆ ತಿರುಗಿದ್ರು. ನಾ ಅಂಜಲಿಲ್ಲ. ಕಣ್ಣ ಮುಚ್ಚಿದೆ. ಹಂದರ ಕಂಡಿತು, ಹಸರ ಸೀರಿ ಕಂಡಿತು. ಬಾಯಿ ತಾನ ತಗೀತು:

"ಬಳ್ಳಿ ತುಂಬ ಗೊಂಚಲ, ಕೆರಿ ತುಂಬ ಕಮಲ, ಹೊಸ ಮನಿಯ ಬೆಳಕಾಗಿ ಬಂದಾಳ ನನ್ನ ಕೋಮಲ."

ನಡುಕಿಲ್ಲ, ತೊದಲಿಲ್ಲ, ಹಾಲ ಸುರುವಿದಂಗ ಬಂತು. ಚಪ್ಪಾಳಿ ಬೀಳತಾವ ಅಂತ ಕಣ್ಣ ತಗದೆ. ಇಪ್ಪತ್ತೂ ಮೊಬೈಲು ಎತ್ತಿದ್ದಲ್ಲೇ ನಿಂತಿದ್ದವು.

"ಕೋಮಲ ಯಾರ್ರಿ ಮಾಮಾ?" ಅಂದ್ಲು ಸಕ್ಕುಬಾಯಿ.

ಕಾಡಸಿದ್ದ ಅಂಗಿ ತೋಳ ಏರಿಸಾಕತ್ತ. ನಾ ಹೇಳಾಕ ಹೋದೆ, ನಾಲಿಗಿ ಹಳೇ ಜಾಗಾಕ್ಕ ಹೋಗಿ ಅಂಟಿತ್ತು. (ನೀವೂ ನನ್ನ ಮ್ಯಾಲ ಸಂಶಯ ಪಡಾಕತ್ತೀರಿ, ಗೊತ್ತೈತಿ.) ಅಷ್ಟರಾಗ ಅಕ್ಕುತಾಯಿ ಒಂದ ಹೆಜ್ಜಿ ಮುಂದ ಬಂದ್ಲು.

"ಏನ ಹಂಗ ನೋಡತೀರಿ? ಕೋಮಲ ನಾನ. ಲಗ್ನದಾಗ ಇವ್ರು ನನಗ ಇಟ್ಟ ಹೆಸರ ಅದು. ಬಾಗಲಾ ಬಿಡ ಸಕ್ಕು, ಕಳಸ ಹಿಡದು ಕೈ ನೋಯಾಕತ್ತಾವ."

ಆಗ ಬಿದ್ದವು ನೋಡ್ರಿ ಚಪ್ಪಾಳಿ. ಕಾಡಸಿದ್ದ ನನ್ನ ಅಪ್ಪಿಕೊಂಡ. ಸಕ್ಕುಬಾಯಿ ಕಣ್ಣ ಒರಸಿಕೊಂಡ್ಲು. ನಾ ಊಟದ ಪಂಕ್ತಿಯಾಗ ಹೋಳಿಗಿ ಎಷ್ಟ ತಿಂದೆ ಅನ್ನೂದ ನನಗ ಗೊತ್ತಾಗಲಿಲ್ಲ. ಆಕಿಗೆ ಆ ಹೆಸರ ಗೊತ್ತಿತ್ತು, ಇಷ್ಟ ವರ್ಷ ಗೊತ್ತಿದ್ದೂ ಸುಮ್ನಿದ್ಲು ಅಂತ ಮುಗಲಮ್ಯಾಲ ಅಡ್ಡಾಡಾಕತ್ತಿದ್ದೆ.

ಸಂಜೀಕ ಬೀಗರ ಗಾಡಿ ಹೋದ ಮ್ಯಾಲ ಆಕಿ ಅಡಗಿಮನಿ ಬಾಗಲಾ ಮುಂದ ಮಾಡಿದ್ಲು.

"ಈಗ ಹೇಳ್ರಿ. ಯಾವಾಕಿ ಅಕಿ?"

"ಯಾವಾಕಿ ಅಂದ್ರ? ಲಗ್ನದಾಗ ಇಟ್ಟ ಹೆಸರ ಅಂತ ನೀನ ಹೇಳಿದೆಲ್ಲ."

"ಮಂದಿ ಮುಂದ ನಿಮ್ಮ ಮರ್ಯಾದಿ ಉಳಸಾಕ ಬಾಯಿಗೆ ಬಂದದ್ದ ಹೇಳೀನಿ. ಅಥಣಿಯಾಕಿಯೋ, ಚಿಕ್ಕೋಡಿಯಾಕಿಯೋ?"

ಮುಗಲಿಂದ ಧೊಪ್ಪನ ಬಿದ್ದೆ. ಬಿದ್ದಲ್ಲಿಂದನ ಹೇಳಿದೆ. ಅವತ್ತ ಮೂಕನಾಗಿ ಒಳಗ ಬಂದ ಮ್ಯಾಲ, ಸೊಸಿಗೆ ಹೊಸಾ ಹೆಸರ ಇಡಬೇಕಂತ ನನ್ನ ಮುಂದ ಅಕ್ಕಿ ಹರವಿದ ತಾಟ ಇಟ್ಟಿದ್ರು. ಉಂಗುರದ್ಲೆ ಅಕ್ಕಿಯಾಗ 'ಕೋಮಲ' ಅಂತ ಬರದೆ. ಕನ್ಯಾ ನೋಡಿದ ದಿನಾನ ಆರಿಸಿ ಇಟ್ಟಿದ್ದ ಹೆಸರ. ಅದನ್ನ ನಾನ ಓದಿ ಹೇಳಬೇಕಿತ್ತು, ನಾಲಿಗಿ ಇನ್ನೂ ಇಳದಿದ್ದಿಲ್ಲ. ನಮ್ಮವ್ವಗ ಓದಾಕ ಬರತಿದ್ದಿಲ್ಲ. ಮದುಮಗಳು ತಲಿ ಎತ್ತಿದ್ದಿಲ್ಲ. "ಏನೂ ಹೇಳವಲ್ಲ ಇಂವ, ಇದ್ದ ಹೆಸರ ಇರಲಿ" ಅಂತ ಅವ್ವ ಆ ಅಕ್ಕಿ ಒಯ್ದು ಒಲಿ ಮ್ಯಾಲ ಇಟ್ಟಳು.

"ಇದಕ್ಕ ಸಾಕ್ಷಿ?"

"ಎಲ್ಲಾರೂ ಕೂಡಿ ಉಂಡಬಿಟ್ವಿ."

ಆಕಿ ಸೆರಗಿನ ತುದಿ ಬೆರಳಿಗೆ ಸುತ್ತಕೋತ, "ಕೋಮಲ," ಅಂತ ಸಣ್ಣ ದನಿಲೆ ತನಗ ತಾನ ಅಂದ ನೋಡಿದ್ಲು. ಆಮ್ಯಾಲ, "ಇನ್ನೊಂದ ಸಲ ಹೇಳ್ರಿ," ಅಂದ್ಲು. ಪೂರ್ತಿ ಒಡಪು ಹೇಳಿದೆ. ಆಕಿ ಮಾರಿ ಕೆಂಪಾತು. ನನಗ ಭಾಳ ಖುಷಿ ಆತು, ಗೆದ್ದೆ ಅನಕೊಂಡೆ. ಆ ಧೈರ್ಯದ ಮ್ಯಾಲನ, "ಸಿಹಿ ತಿಂದು ಬಾಯಿ ಕೆಟ್ಟೈತಿ, ಎರಡ ಬಿಸಿ ರೊಟ್ಟಿ ಬಡಿ," ಅಂದೆ.

ಆಕಿ ಬಾಗಲಾ ತಗದು, ಎದರಿನ ಖೋಲಿಗೆ ಹೋಗಿ ಹೊಸಾ ಪಲ್ಲಂಗದ ಮ್ಯಾಲ ಕಾಲ ಚಾಚಿ ಕುಂತ್ಲು.

"ರೊಟ್ಟಿ ಬಡಿಯಾಕಿ ಅಕ್ಕುತಾಯಿರಿ. ಅಕಿ ಹಳೇ ಮನ್ಯಾಗ ಉಳದ್ಲು. ಕೋಮಲ ಇವತ್ತ ಮುಂಜಾನೆ ಹೊಸ್ತಿಲ ದಾಟಿ ಬಂದಾಕಿ. ಮದುಮಗಳ ಕೈಲೆ ಮೊದಲನೇ ದಿನಾನ ರೊಟ್ಟಿ ಬಡಸ್ತೀರೇನು?"

ನಾ ಜ್ವಾಳದ ಹಿಟ್ಟಿನ ಡಬ್ಬಿ ತಗದು ಕುಂತೆ. ಹಿಟ್ಟ ಅರ್ಧಾ ನಾದೂ ಕೊಣಮಿಗಿಗೆ, ಅರ್ಧಾ ನನ್ನ ಅಂಗಿಗೆ ಬಿತ್ತು.

"ಎಷ್ಟ ದಿನಾ ಮದುಮಗಳ ಇರತೀ ನೀ?" ಅಂತ ಕೇಳಿದೆ.

"ಇಪ್ಪತ್ತೆಂಟ ವರ್ಷದ್ದ ಬಾಕಿ ಐತೆಲ್ರಿ," ಅಂತಂದು ಕೋಮಲ ಆ ಕಡೆ ಹೊಳ್ಳಿ ಮಕ್ಕೊಂಡ್ಲು.